ತಮ್ಮಯ್ಯನ ತೇಪೆ

ನಾಪೋಕ್ಲಿನ ಸಂತೆಮಾಳದ ಹಿಂದೆ
ಐರಿ ತಮ್ಮಯ್ಯ ಕೀಸುಳಿ ಎಳೆಯುತ್ತಿದ್ದ.
ಒಲೆಗೆಂದು ಸುರುಳಿ ಹೆಕ್ಕಲು ಹೋದ ನಾನು
ಸಂಜೆಯವರೆಗೆ ಅಲ್ಲೇ.

"ಯುದ್ಧದ ದೋಣಿ ಅಂದರೆ ಕಬ್ಬಿಣ ಅಂದುಕೊಂಡೆಯಾ?
ಮರ ಮಾರಾಯ, ಮರ.
ಕಿರುಬೆರಳ ದಪ್ಪದ ಹಲಗೆ, ಹೀಗೆ ಓರೆ.
ಅದರ ಮೇಲೆ ಇನ್ನೊಂದು, ಹಾಗೆ ಓರೆ.
ನಡುವೆ ಎಣ್ಣೆ ಕುಡಿಸಿದ ಬಟ್ಟೆ.
ಹೊಟ್ಟೆ ತುಂಬ ಪೆಟ್ರೋಲು, ಬೆನ್ನ ಮೇಲೆ ಟಾರ್ಪೆಡೊ,
ಓಡಿಸುವ ಹುಡುಗರಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ.

"ಹಳೇ ನಮೂನೆಯದೂ ಒಂದಿತ್ತು.
ಟಾರ್ಪೆಡೊ ಬಿಡುವುದು ಹಿಂದಕ್ಕೆ,
ಹಿಂಗಾಲು ಮೊದಲಾಗಿ ಹುಟ್ಟುವ ಕರುವಿನ ಹಾಗೆ.
ನೀರಿಗೆ ಬಿದ್ದದ್ದೇ
ನಿನ್ನ ದಾರಿಯಲ್ಲೇ, ನಿನ್ನ ಹಿಂದೆಯೇ ಓಡಿ ಬರುತ್ತದೆ.
ಎದುರಿಗೆ ಶತ್ರು, ಬೆನ್ನಿಗೆ ನೀನೇ ಹೆತ್ತದ್ದು.
ಎರಡು ಉಸಿರು ಎಣಿಸಬೇಕು, ಪಕ್ಕಕ್ಕೆ ಹೊರಳಬೇಕು."

ಹೊರಳದಿದ್ದರೆ?
ಉಳಿಗೆ ನೀರು ಚಿಮುಕಿಸಿ ಸಾಣೆ ಹಿಡಿದ.

ಅವನು ರಾತ್ರಿ ಹೊರಟವನಲ್ಲ.
ಅರಕಾನಿನ ಕೆಸರು ಖಾರಿಯಲ್ಲಿ
ಬೆಳಿಗ್ಗೆ ಮರಳಿದ್ದಕ್ಕೆ ತೇಪೆ ಹಾಕುವವನು.
ದೋಣಿಯ ಒಳಗೆ ಕೂತು, ದೀಪ ಆರಿಸಿ,
ಬೆಳಕು ತೂರಿಬಂದಲ್ಲೆಲ್ಲ
ಕಿವಿಯ ಮೇಲಿನ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದ.
ಕೆಲವು ಮೊಣಕಾಲ ಮಟ್ಟದ್ದು,
ಕೆಲವು ಎದೆಮಟ್ಟದ್ದು.
ಯಾರು ಬರಲಿಲ್ಲ ಎಂದು ಯಾರನ್ನೂ ಕೇಳಬೇಕಿರಲಿಲ್ಲ.

ಕೈಲ್‌ಪೊಳ್ದಿಗೆ ಊರೆಲ್ಲ ಕೋವಿಗೆ ತೋಕ್‌ಪೂ ಮುಡಿಸುವಾಗ
ಅವನ ಮಣೆಯ ಮೇಲೆ ಉಳಿ, ಕೊಡತಿ,
ಒಂದು ತಾಮ್ರದ ಮೊಳೆ.
"ಗುಂಡು ಹಾರಿಸಿದ್ದೀಯಾ ತಮ್ಮಯ್ಯ?" ಎನ್ನುತ್ತಿದ್ದರು
ಪಿಂಚಣಿಯ ಸುಬೇದಾರರು, ಎರಡನೇ ಗ್ಲಾಸಿಗೆ.
"ಮುಚ್ಚಿದ್ದೇನೆ," ಎನ್ನುತ್ತಿದ್ದ.
ನಗುತ್ತಿದ್ದರು. ಅವನೂ.

ಕಾವೇರಿ ಚೆರಿಯಪರಂಬಿನ ಮಾಡು ಮುಟ್ಟಿದ ವರ್ಷ
ಪಂಚಾಯತಿಯ ದೋಣಿ ಬಂಡೆಗೆ ಬಡಿದು ಸೀಳಿತು.
ತೋಟದ ಲೈನಿನ ಜನ ಹೆಂಚಿನ ಮೇಲೆ,
ಒಬ್ಬಳ ಕೈಯಲ್ಲಿ ಕೋಳಿ.
ತಮ್ಮಯ್ಯ ಟ್ರಂಕಿನ ತಳದ ಬಿಳಿ ಅಂಗಿ ತೆಗೆದ,
ನೌಕಾಪಡೆಯದು, ಗುಂಡಿ ಸಮೇತ ಹರಿದ,
ಎಣ್ಣೆಯಲ್ಲಿ ಅದ್ದಿ, ಮೇಲೊಂದು ಹಲಗೆ ಬಡಿದ.
ಹದಿನಾಲ್ಕು ಸಲ ಹೋಗಿ ಬಂತು ಅದು.
ಕೋಳಿಯೂ ಬಂತು.

ಮೊನ್ನೆ ಹೋಗಿದ್ದೆ. ಹಳೇ ಗೋದಾಮಿನ ಪಕ್ಕ
ದೋಣಿ ಬೋರಲಾಗಿ ಬಿದ್ದಿತ್ತು, ನಾಯಿಗಳಿಗೆ ನೆರಳು.
ಯಾರೂ ನೋಡುತ್ತಿಲ್ಲವೆಂದು ಒಳಗೆ ತೆವಳಿದೆ.
ಬೇರೆ ಹಲಗೆಗಳೆಲ್ಲ ಬಿರುಕು ಬಿಟ್ಟು
ಮೈಮೇಲೆ ಬಿಸಿಲ ಗೆರೆಗಳು.
ಪೆನ್ಸಿಲಿನ ಸುತ್ತು ಇನ್ನೂ ಕಾಣುತ್ತಿತ್ತು,
ಅದರೊಳಗೆ ಬೆರಳಿಟ್ಟೆ,
ಅಲ್ಲಿ ಮಾತ್ರ ಕತ್ತಲು.