ಅರ್ಧ ಮಿಲಿಮೀಟರ್

ಗದಗಿನಿಂದ ಸಮುದ್ರ ದೂರ.
ಆದ್ರೂ ನಮ್ಮ ಪ್ರೆಸ್ಸಿಗೆ ವರ್ಷಾ ಬರತೈತಿ
ಮೇ ತಿಂಗಳದಾಗ, ಶಾಲಿ ತೆರಿಯೂದಕ್ಕ ಮುಂಚೆ,
ನೀಲಿ ಶಾಯಿ ಡಬ್ಬಿಯೊಳಗ, ಮುಚ್ಚಳಕ್ಕ ಧೂಳ ಹತ್ತಿಸಿಕೊಂಡು.

ಭೂಪಟದ ಪುಸ್ತಕ. ನಾಕ ಬಣ್ಣ. ಹದಿನಾರ ಸಾವಿರ ಪ್ರತಿ.
ನಾ ಕರಡು ತಿದ್ದಾಕಿ.
ನದಿಗೆ ದೀರ್ಘ ಹೆಚ್ಚಾಗಿದ್ರ ಕಸಗೋತೇನಿ,
ಪರ್ವತದ ಒತ್ತು ಬಿದ್ದಿದ್ರ ಎತ್ತಿಡತೇನಿ.
ಇಪ್ಪತ್ತೆರಡು ವರ್ಷದಾಗ
ಒಂದು ದೇಶಾನೂ ಕಳದಿರಲಿಲ್ಲ.

ಈ ಸಲ ಯಾಕೋ ಅಚ್ಚಾದ ಹಾಳಿ ಎತ್ತಿ ನೋಡಿದೆ.
ಶಾಂತ ಸಾಗರದ ನಡುವ
ಒಂದು ಹೆಸರು ತೇಲಾಕತ್ತಿತ್ತು.
ಬಾಜೂಕ ನೆಲಾ ಇರಲಿಲ್ಲ.

ರಾಜೇಸಾಬ ಮಷಿನ್ ನಿಂದ್ರಿಸಿ ಬಂದ,
ಭೂತಗನ್ನಡಿ ಇಟ್ಟು ಅಕ್ಷರ ಕೂಡಿಸಿ ಓದಿದ:
ಟು-ವಾ-ಲು.
ಹೆಗಲ ಮ್ಯಾಲಿಂದು ಮುಟ್ಟಿ ನೋಡಿಕೊಂಡ.
"ಇಲ್ಲೇ ಐತೆಲ್ಲ್ರಿ, ಅಕ್ಕಾರ!"
ಕಟಿಂಗಿನ ಹುಡುಗೋರು, ಬೈಂಡಿಂಗಿನ ಹೆಣಮಕ್ಕಳು
ಹೊಟ್ಟಿ ಹಿಡಕೊಂಡು ನಕ್ಕರು. ನಾನೂ.

ಆಮ್ಯಾಲ ಅವನ ಹೇಳಿದ, ದನಿ ಇಳಿಸಿ:
ಪ್ಲೇಟಿನ ಮ್ಯಾಲ ಏನೋ ಕಸಾ ಕಂಡಂಗಾತ್ರಿ,
ಇದರಲೇ ಒರಸಿಬಿಟ್ಟೆ.

ಒಂಬತ್ತು ನಡುಗಡ್ಡಿ. ಹನ್ನೊಂದು ಸಾವಿರದಷ್ಟು ಮಂದಿ.
ಬೆಟಗೇರಿಯ ನಾಕೋ ಐದೋ ಓಣಿ ಕೂಡಿಸಿದ್ರ ಅಷ್ಟ ಆದಾರು.
ನಮ್ಮ ನಳಕ್ಕ ನೀರು ಹದಿನೈದು ದಿನಕ್ಕೊಮ್ಮೆ.
ಅವರ ಹೊಸ್ತಿಲ ತನಕಾ ದಿನಕ್ಕೆರಡು ಸಲ,
ಬ್ಯಾಡಂದ್ರೂ.

ಮಾಲಕರು ಗುರುಸಂಗಪ್ಪನವರು ಕನ್ನಡಕ ಏರಿಸಿದರು:
"ಸೂಜಿಮನಿ ಹಂತಾ ಚುಕ್ಕಿ! ಯಾವ ಮಾಸ್ತರ ಕೇಳತಾನ?
ಎರಡು ಸಾವಿರ ಹಾಳಿ ಹೊಡದು ಕುಂತಾವ.
ಹೊಸಾ ಪ್ಲೇಟಿನ ರೊಕ್ಕಾ ಯಾರ ಕೊಡಾವ್ರು?"
ನಂದಲ್ಲ ಅಂದ್ಲು ಡಿಟಿಪಿಯಾಕಿ, ಫೈಲಿನ್ಯಾಗ ಚುಕ್ಕಿ ಐತಿ.
ನಂದಲ್ಲ ಅಂದ ಪ್ಲೇಟ್ ಮಾಡಾವ, ನಾ ಕೊಟ್ಟಾಗ ಇತ್ತು.
ನಾನೂ ನನ್ನ ಸಹಿ ಇದ್ದ ಕರಡು ಹುಡುಕಿ
ಎದಿಗೆ ಹಿಡಕೊಂಡು ನಿಂತೆ.
ಎಲ್ಲಾರ ಕೈಯಾಗ ಒಂದೊಂದು ಕಾಗದ.
ಹೊರಗ ಊರು ಕುದೀತಿತ್ತು.
ಚಾ ಬಂತು. ಚಾ ಆರಿತು.

ಕಡೀಕ ರಾಜೇಸಾಬನ ಅಂದ:
"ನನ್ನ ಪಗಾರದಾಗ ಹಿಡೀರಿ."
ಮಾಲಕರು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ.
ಪಂಖಾ ಬಂದ್ ಮಾಡಿ ಎದ್ದು ಹೋದರು.
ಅದನ್ನ ನಾವು ಒಪ್ಪಿಗಿ ಅಂತ ತಿಳಕೊಂಡಿವಿ.

ರಾತ್ರಿ ಹನ್ನೊಂದಕ್ಕ ಹೊಸಾ ಪ್ಲೇಟು ಏರಿತು.
ಹಾಳಿಯ ಅಂಚಿಗೆ ಕೂಡಿಸೂ ಗುರುತಿನಂಥಾ ಗೀಟು,
ನಾಕೂ ಬಣ್ಣ ಒಂದರ ಮ್ಯಾಲೊಂದು
ಅಲ್ಲೇ ಬಂದು ನಿಂದ್ರಬೇಕು.
"ಯಾರರೆ ಒಬ್ಬಾವ ಅರ್ಧ ಮಿಲಿಮೀಟರ್ ಸರದ್ನೋ,
ದೊಡ್ಡ ದೇಶಕ್ಕೇನೂ ಆಗೂದಿಲ್ರಿ,
ಅಂಚು ಒಂದೀಟ ಮಬ್ಬ ಕಾಣತೈತಿ.
ಸಣ್ಣದು ಹೋಗೇ ಬಿಡತೈತಿ."
ನೂರು ಹಾಳಿಗೊಮ್ಮೆ ಒಂದು ಎಳದು ನೋಡತಿದ್ದ.
ಬೀಗದಕೈ ತಿರುವಿದಂಗ ಸಿಲಿಂಡರು ಕೂದಲೆಳಿಯಷ್ಟು ತಿರುವತಿದ್ದ.
"ಇವತ್ತ ಧಗಿ ಭಾಳ ಐತಿ.
ಹಾಳಿ ಸೆಟೀತಾವ, ನೀಲಿ ಸರೀತೈತಿ."

ಕೋಳಿ ಕೂಗೂ ಹೊತ್ತಿಗೆ ಚುಕ್ಕಿ ನಿಂತಿತ್ತು.
ಯಾರೂ ಚಪ್ಪಾಳಿ ತಟ್ಟಲಿಲ್ಲ.
ಅವಾ ಟುವಾಲು ಹಾಸಿಕೊಂಡು
ಪೇಪರ್ ರಿಮ್ಮಿನ ಮ್ಯಾಲ ಮಲಕೊಂಡ.

ಮೊದಲ ಹೊಡದ ಎರಡು ಸಾವಿರ ಹಾಳಿ ರದ್ದಿಗೆ ಹೋದವು.
ಪುಸ್ತಕ ಶಾಲಿ ಸೇರಿದ ಮ್ಯಾಲ, ಜಿಟಿಜಿಟಿ ಮಳಿ, ಒಂದಿನಾ
ಟಾಂಗಾಕೂಟದಾಗ ಮಿರ್ಚಿ ಕಟ್ಟಿಸಿಕೊಂಡು ಬಂದೆ.
ಪೊಟ್ಟಣ ಬಿಚ್ಚಿದರ ನಮ್ಮದೇ ಸಮುದ್ರ.
ಎಣ್ಣಿ ಕುಡದು ಕುಡದು ಬಿಳಚಿಕೊಂಡೈತಿ,
ಹೆಸರು ಇನ್ನೂ ತೇಲಾಕತ್ತೈತಿ.

ಪೆನ್ನು ತಗೊಂಡು ಬಾಜೂಕ ಒಂದು ಚುಕ್ಕಿ ಇಟ್ಟೆ.
ಎಣ್ಣಿ ಮ್ಯಾಲ ಶಾಯಿ ಹಿಡೀಲಿಲ್ಲ.

ಒತ್ತಿ, ಮತ್ತೊಮ್ಮೆ ಇಟ್ಟೆ.