ಬ್ಯಾನಿ ಎಲ್ಲೈತಿ

ಸೊಂಟದಿಂದ ಕೆಳಗ ನಾನು ಇರಲೇ ಇಲ್ಲ.
ಹಸಿರು ಪರದೆಯ ಆಚಿ ಕಡೆ ಯಾರೋ
ಯಾರದೋ ಹೊಟ್ಟಿ ಹೊಲಿಯುತ್ತಿದ್ದರು.
ಕೂಸು ಅತ್ತದ್ದು ಮಾತ್ರ ನನ್ನ ಕಿವಿಗೆ ಬಿತ್ತು.

ಹೊಲಿಗಿ ಮುಗಿದ ಮ್ಯಾಲ ಮೆಹಜಬೀನ ಡಾಕ್ಟರು
ಸಣ್ಣದೊಂದು ಟಿವಿ ಉರುಳಿಸಿಕೊಂಡು ಬಂದರು,
ಪಕ್ಕಿಗೆ ಏನೋ ಸವರಿದರು.
ತಣ್ಣಗಿದ್ದೀತು. ನನಗ ಗೊತ್ತಾಗಲಿಲ್ಲ.
"ನೋಡು, ನಿನ್ನ ಹೊಟ್ಟಿ. ಮೂರು ಪದರು."

ನೋಡಿದೆ.
ಕರಿ ಬಿಳಿ ಎಳಿ, ಬಿಗಿಯಾಗಿ ಎಳೆದ ಹಾಸು,
ಗುಳೇದಗುಡ್ಡದಾಗ ನಮ್ಮ ಕುಣಿಮಗ್ಗದ ಮ್ಯಾಲ
ನಾಕು ದಿನದ ಹಿಂದ ಅರ್ಧಕ್ಕ ಬಿಟ್ಟು ಬಂದ
ಖಣದ್ದೇ ಹಾಸು.

ಸೂಜಿ ಓರೆಯಾಗಿ ಬಂತು.
ಒಂದು ಪದರು ದಾಟಿತು, ಇನ್ನೊಂದು ದಾಟಿತು,
ಮೂರನೇದರ ಹೊಸ್ತಿಲಕ್ಕ ನಿಂತು ಔಷಧ ಬಿಟ್ಟಿತು.
ಎಳಿ ಬಾಯಿ ತೆರೆದವು,
ನಡುವ ಒಂದು ಕರಿ ದಾರಿ.

"ಅದು ಲಾಳಿ ಹೋಗೋ ಹಾದಿ, ಅಕ್ಕಾರ" ಅಂದೆ,
"ಕಾಲ್ಮಣಿ ತುಳಿದಾಗ ನಮಗೂ ಹಿಂಗ ತೆರೀತೈತಿ."
ನಗಬ್ಯಾಡ ಅಂದರು, ತಾವೇ ನಕ್ಕರು,
ಆ ಕಡೆ ಪಕ್ಕಿಗೆ ನಡೆದರು
ಎರಡನೇ ಲಾಳಿ ಹಿಡಕೊಂಡು.

"ಹನ್ನೆರಡು ತಾಸು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮಿ.
ಚರ್ಮದ ಉರಿ ಮಲಗತೈತಿ,
ಒಳಗ ಹಿಂಡೂದು ಮಲಗೂದಿಲ್ಲ,
ಅದಕ್ಕ ಗುಳಿಗಿ ಬ್ಯಾರೆ.
ಉರಿ ಎದ್ದರ ತಡಕೋಬ್ಯಾಡ. ಹೇಳು."

ಹೇಳೂದು ಅಷ್ಟು ಸಸಾರ ಅಲ್ಲ.
ಕಾಟಿನ ಕಾಲದೆಸಿಗೆ ನಮ್ಮತ್ತಿ ತುಂಗವ್ವ ಕೂತಿದ್ದಳು,
ಮಗ್ಗದ ಕುಣಿ ಬಾಜೂಕ ಐದು ಹಡೆದಾಕಿ,
ಬಾಜೂ ಕಾಟಿನವರಿಗೆ ಕೇಳೂಹಂಗ ಅನ್ನುತ್ತಿದ್ದಳು:
"ಈಗಿನವರು ಬ್ಯಾನಿ ತಿನ್ನಲಾರದ ತಾಯಿ ಆಗತಾರವ್ವ."

ಸಂಜಿಕ್ಕ ಎದ್ದು ಕೂತೆ.
ಒಳಗ ಯಾರೋ ಒದ್ದಿ ಅರಿವಿ ಹಿಂಡತಿದ್ದರು.
ಖರೆ ಹೊಲಿಗಿ ಮೂಕಾಗಿತ್ತು.
ಕೂಸಿನ ಹಿಮ್ಮಡಿ ಅದರ ಮ್ಯಾಲೇ ಒದ್ದರೂ ಸುಮ್ಮನಿತ್ತು.
ಎರಡೂ ಕೈ ಖಾಲಿ ನನಗ,
ಹೊಟ್ಟಿ ಹಿಡಕೊಳ್ಳೂ ಕೆಲಸ ಇಲ್ಲ,
ಅವಳನ್ನ ಎದಿಗೆ ಹಚ್ಚಿಕೊಂಡೆ.
ಹಾಲು ಇನ್ನೂ ಇರಲಿಲ್ಲ, ಒಂದು ಹಳದಿ ಹನಿ.
ಅಷ್ಟಕ್ಕೇ ಆಕಿ ಬೆವೆತಳು.

ನವನಗರದ ರಸ್ತೆದಾಗ ಕಡೀ ಬಸ್ಸು ಹ್ವಾದ ಮ್ಯಾಲ
ಎಷ್ಟೋ ಹೊತ್ತಿಗೆ, ಎರಡು ನಲವತ್ತಕ್ಕ,
ಉರಿ ಬಂತು.
ಒಮ್ಮೆಲೆ ಅಲ್ಲ. ಒಂದೊಂದೇ ಎಳಿ,
ಎಡದಿಂದ ಬಲಕ್ಕ,
ತುಂಡಾದ ಎಳಿ ಎಲ್ಲಾ ತಮ್ಮ ಹೆಸರು ಹೇಳಿಕೋತ.
ಸೆರಗು ಕಚ್ಚಿದೆ. ಗಡಿಯಾರ ನೋಡಿದೆ.
ಎರಡು ನಲವತ್ತೊಂದು.

ಕತ್ತಲಾಗ ಒಂದು ಕೈ ಬಂತು,
ನೇದ ಅರಿವಿಯೊಳಗ ಹರಿದ ಎಳಿ ಹುಡುಕೋ ಬೆರಳು.
"ಎಲ್ಲೈತಿ?"
ನಾ ಮಾತಾಡಲಿಲ್ಲ.
"ಇಲ್ಲೇ?" ಇಲ್ಲ ಅತ್ತಿ.
"ಇಲ್ಲೇ?"
ಸೆರಗು ಬಾಯಿಂದ ಬಿತ್ತು.

ಬರಿಗಾಲಲ್ಲಿ ವರಾಂಡದ ತುದಿತನಕ ಹ್ವಾದಳು.
"ಏ ಸಿಸ್ಟರಾ, ನಮ್ಮ ಪದ್ದಕ್ಕಗ ಮದ್ದು ಇಳದೈತಿ, ಏಳ್ರಿ.
ಬೆಳಗಾಗಲಿ ಅನಬ್ಯಾಡ್ರಿ. ಬೆಳಗಾಗೂದು ಬ್ಯಾನಿಗೆ ಗೊತ್ತೇನು?"

ಸಲಾಯಿನ್‌ದಾಗ ಏನೋ ಕೂಡಿಸಿ ಸಿಸ್ಟರ್ ಹೋದಳು.
ಉರಿ ಕೂತಿತು, ನೀರು ಬಿಟ್ಟ ಸುಣ್ಣ ಕೂತಂಗ.
ಅತ್ತಿ ಗ್ವಾಡಿ ನೋಡಿಕೋತ ಅಂದಳು:
"ಮೂರನೇದರಾಗ ನನಗ ಹರಿದಿತ್ತು.
ಮರುದಿನ ಮಗ್ಗಕ್ಕ ಇಳದೆ.
ಎಲ್ಲೈತಿ ಅಂತ ಯಾರೂ ಕೇಳಲಿಲ್ಲ.
ಕೇಳಿದ್ದರ ಹೇಳತಿದ್ದೆ."
ಕೂಸಿನ ಕುಲಾಯಿ ಸರಿ ಮಾಡಿ ಮಲಗಿದಳು.
ಆ ಮಾತು ಮತ್ತ ಆಡಲಿಲ್ಲ.

ಈಗ ಐದನೇ ತಿಂಗಳು.
ಕುಣಿಯೊಳಗ ಕಾಲು ಇಳಿಬಿಟ್ಟು ಕೂತರ
ಅರಿವಿ ಸುತ್ತೋ ದಿಂಡು ಹೊಟ್ಟಿಗೆ ತಾಗತೈತಿ.
ಹೊಲಿಗಿ ಮ್ಯಾಲ ಎರಡು ಬೆರಳಗಲ
ಇನ್ನೂ ಎಚ್ಚರಿಲ್ಲ. ಅಲ್ಲಿಯ ಸುದ್ದಿ ನನಗ ಬರೂದಿಲ್ಲ.
ಕಂಡಿಕಿ ಸುತ್ತಕೋತ ಅತ್ತಿ ಕೇಳತಾಳ:
"ಒತ್ತತೈತೇನು?"
"ಇಲ್ಲ ಅತ್ತಿ."
"ಸುಳ್ಳ ಹೇಳಬ್ಯಾಡ."
ಕಾಲ್ಮಣಿ ತುಳೀತೀನಿ.
ಎಳಿ ಬಾಯಿ ತೆರೀತಾವ.