ನಡುಕಟ್ಟು

ಉಗುರುಸಂದಿಯಲ್ಲಿ ರಾಗಿಹಿಟ್ಟು ಹಾಗೇ ಇದೆ, ತಾಯಿ,
ತೊಳೆದುಕೊಂಡೇ ಬಂದೆ, ಹೋಗಲಿಲ್ಲ.
ಆರು ಗಂಟೆಯ ಪೂಜೆಗೆ ಮೂರೂವರೆಗೇ ಎದ್ದು
ಎಸರಿಟ್ಟು, ಹುರುಳಿ ಬೇಯಲು ಹಾಕಿ,
ಮಂಡ್ಯದ ದೊಡ್ಡಾಸ್ಪತ್ರೆ ಎದುರಿನ ನಮ್ಮ ಮೆಸ್ಸಿನ ಷಟರು
ಅರ್ಧ ಎಳೆದು ಬಂದವಳು.
ನಿನ್ನ ಹೆಸರಿನವಳೇ, ಮಾರ್ತ.
ಹಿಂದಿನ ಬೆಂಚು, ಫ್ಯಾನಿಲ್ಲದ ಕಡೆ.

ಮೊದಲು ಈ ದಿನ ನಿನ್ನೊಬ್ಬಳದೇ ಆಗಿತ್ತು.
ಈಗ ತಂಗಿ ಮರಿಯಳನ್ನೂ ತಮ್ಮ ಲಾಜರನನ್ನೂ ಸೇರಿಸಿ
ಮೂವರಿಗೂ ಒಂದೇ ಹಬ್ಬವಂತೆ,
ಫಾದರ್ ಸಂತೋಷವಾಗಿ ಹೇಳಿದರು.
ನನಗೆ ನಗು ಬಂತು.
ಇದ್ದದ್ದೊಂದು ದಿನ, ಅದನ್ನೂ ಹಂಚಿ ಬಡಿಸಿಬಿಟ್ಟೆಯಾ?

ಪ್ರಸಂಗದಲ್ಲಿ ಮತ್ತೆ ಅದೇ ಮಾತು.
ಕಾಲಬಳಿ ಕೂತು ಕೇಳಿದವಳು ಒಳ್ಳೆಯದನ್ನು ಆರಿಸಿಕೊಂಡಳು,
ಪಾತ್ರೆಗಳ ನಡುವೆ ಓಡಾಡಿದವಳು ಗಡಿಬಿಡಿಯವಳು.
ಹೇಳಲಿ.
ಅಷ್ಟು ಜನ ಹೇಳದೆ ಕೇಳದೆ ಊಟಕ್ಕೆ ಬಂದರೆ
ಎಸರು ತಾನಾಗಿ ಕುದಿಯುತ್ತದೆಯೇ
ಎಂದು ಕೇಳುವವರು ಮೈಕಿನ ಆ ಕಡೆ ಯಾರೂ ಇರಲಿಲ್ಲ.
ನೀನು ಕೇಳಿದ್ದೆ.
ಅದಕ್ಕೇ ನನಗೆ ನೀನು.

ನನ್ನ ಮನೆಯಲ್ಲೂ ಒಬ್ಬಳಿದ್ದಾಳೆ, ಸಲೋಮಿ.
ಇನ್ನಾಸಿ ಹೋದಂದಿನಿಂದ
ಹಿತ್ತಲ ಮೆಟ್ಟಿಲ ಮೇಲೆ ಜಪಸರ ಹಿಡಿದು ಕೂತವಳು
ಒಂದು ಲೋಟ ಎತ್ತಿಟ್ಟಿಲ್ಲ.
ಕೇರಿಯವರು ಅವಳನ್ನು ಭಕ್ತೆ ಅನ್ನುತ್ತಾರೆ.
ನನ್ನನ್ನು ಕಲ್ಲು ಅನ್ನುತ್ತಾರೆ.

ಹೌದು, ನಾಲೆ ಏರಿಯ ಮೇಲೆ ನಾನು ಅಳಲಿಲ್ಲ.
ಮುಳುಗುವವರು ಇಳಿದರು, ಎದ್ದರು, ತಲೆಯಾಡಿಸಿದರು.
ತೂಬಿನ ಬಾಗಿಲು ಇಳಿಸಿ ಎಂದು ಯಾರ್ಯಾರಿಗೋ ಫೋನು.
ಸಲೋಮಿ ನೀರನ್ನೇ ನೋಡುತ್ತ ಕೂತಳು.
ನಾನು ಮೂರು ಕಲ್ಲು ಹೂಡಿ, ಕಬ್ಬಿನ ತರಗು ಉರಿಸಿ
ಅನ್ನ ಮಾಡಿದೆ,
ಮುಳುಗುವವರಿಗೆ, ಪೊಲೀಸಿನವರಿಗೆ,
ನೋಡಲು ಬಂದ ಪಡ್ಡೆಗಳಿಗೂ.
ಮೂರು ದಿನ.
ಕೈ ನಿಲ್ಲಿಸಿದರೆ ಅವನು ಸತ್ತ ಹಾಗೆ
ಅಂತ ಎಲ್ಲೋ ಒಳಗೆ.

ನಾಲ್ಕನೆಯ ದಿನ ಸಿಕ್ಕ.
ನಾಲ್ಕನೆಯ ದಿನದ ವಾಸನೆ ನಿನಗೆ ಗೊತ್ತು.
ಕಲ್ಲು ಸರಿಸುವ ಮೊದಲು
ಎಲ್ಲರೆದುರು ಬಾಯಿಬಿಟ್ಟು ಹೇಳಿದವಳು ನೀನೇ.

ನಿನ್ನದೊಂದು ಚಿತ್ರವಿದೆ ನನ್ನಲ್ಲಿ,
ಗಲ್ಲಾಪೆಟ್ಟಿಗೆ ಮೇಲೆ, ಒಗ್ಗರಣೆ ಹೊಗೆ ಹಿಡಿದದ್ದು.
ಒಂದು ಕೈಯಲ್ಲಿ ಸೌಟು,
ಇನ್ನೊಂದರಲ್ಲಿ ಬಿಚ್ಚಿದ ನಡುಕಟ್ಟು, ಅದರ ತುದಿಗೆ
ಹೊಳೆಯಿಂದೆದ್ದು ಜನರನ್ನು ನುಂಗುತ್ತಿದ್ದ ಮೃಗ,
ಸಂತೆಯಿಂದ ಕೊಂಡುತಂದ ಕರುವಿನ ಹಾಗೆ ಹಿಂದೆ ಬರುತ್ತಿದೆ.
ಯಾವುದೋ ದೂರದೇಶದ ಹೊಳೆಯಂತೆ.
ಅಷ್ಟು ದೂರ ಹೋದವಳು
ನಮ್ಮ ನಾಲೆಗೂ ಆ ಬಟ್ಟೆ ಒಂದು ಸಲ ಬೀಸಬಹುದಿತ್ತಲ್ಲವ್ವ.

ನೋಡು, ದೂರುವುದನ್ನೂ ನಿನ್ನಿಂದಲೇ ಕಲಿತೆ.
ಊರಾಚೆಯ ದಾರಿಗೆ ಓಡಿಬಂದು
ಮುಖಕ್ಕೆ ಮುಖ ಕೊಟ್ಟು ಕೇಳಿದ್ದೆಯಲ್ಲ ಸ್ವಾಮಿಯನ್ನು,
ಯಾಕೆ ಇಷ್ಟು ತಡ ಅಂತ.
ಹಾಗೆ ಕೇಳಿದ ಬಾಯಲ್ಲೇ
ನಂಬುತ್ತೇನೆ ಅಂತಲೂ ಅಂದೆ.
ನನಗೆ ಮೊದಲರ್ಧ ಬರುತ್ತದೆ.
ಉಳಿದರ್ಧಕ್ಕೆ ನಾಲಿಗೆ ಏಳುವುದಿಲ್ಲ.
ನೀನು ಅನ್ನು,
ನಾನು ತುಟಿಯಾಡಿಸುತ್ತೇನೆ.

ಪರಮಪ್ರಸಾದಕ್ಕೆ ಸಾಲು ಎದ್ದಿತು.
ಕೈ ಮೇಲೆ ಕೈಯಿಟ್ಟು ಚಾಚಿದೆ.
ಉಗುರಿನ ರಾಗಿ ಫಾದರ್ ನೋಡಿದರೋ ಏನೋ,
ಇಡುವಾಗ ತಡೆಯಲಿಲ್ಲ.

ತಮ್ಮ ಎದ್ದು ಬಂದ ಮೇಲೆ ನಿಮ್ಮಲ್ಲಿ ಒಂದು ಊಟವಾಯಿತಂತೆ.
ಆವತ್ತೂ ಬಡಿಸಿದವಳು ನೀನೇ.
ಆವತ್ತು ಯಾರನ್ನೂ ದೂರಲಿಲ್ಲ.
ಅವನ ತಟ್ಟೆಗೆ ಎಷ್ಟು ಸಲ ಬಡಿಸಿದೆಯೋ,
ಅದನ್ನು ಯಾರೂ ಬರೆದಿಡಲಿಲ್ಲ.

ಏಳೂಕಾಲು. ಷಟರು ಎತ್ತುತ್ತೇನೆ.
ರೋಗಿಗಳ ಕಡೆಯವರು ಆಗಲೇ ನಿಂತಿದ್ದಾರೆ,
ಕೈಯಲ್ಲಿ ಫ್ಲಾಸ್ಕು, ಔಷಧಿ ಚೀಟಿ, ನಿದ್ದೆಯಿಲ್ಲದ ಕಣ್ಣು.
ಹಿತ್ತಲ ಮೆಟ್ಟಿಲಲ್ಲಿ ಸಲೋಮಿ.
ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟು
ಏನೂ ಅನ್ನದೆ ಬಂದೆ.
ನಾಡಿದ್ದು ಇನ್ನಾಸಿಯ ಹೆಸರಿನ ಸಂತನ ಹಬ್ಬ.
ಅವನಿಗೆ ಅಲಸಂದೆ ಸಾರು ಅಂದರೆ ಪ್ರಾಣ.
ನಾಳೆ ರಾತ್ರಿಯೇ ಕಾಳು ನೆನೆಹಾಕಬೇಕು,
ಐವತ್ತು ಜನಕ್ಕಾಗುವಷ್ಟು.